ಫಲ್ಗುಣಿ ದಂಡೆಯ ಸುಳ್ಳು ಗುಡ್ಡ

ಫೆಬ್ರವರಿಯ ಕೊನೆಗೆ ಬೆಂಗಳೂರಿನಿಂದ ನಮ್ಮ ಯೋಜನಾ ಮುಖ್ಯಸ್ಥರ ಫೋನ್ ಬಂತು. ನಾನು ತಯಾರಿಸಿದ ಫಲ್ಗುಣಿ ಹೊಳೆಯ ನೆರೆ ಅಪಾಯ ನಕ್ಷೆ ಅವರಿಗೆ ಬಹಳ ಹಿಡಿಸಿತ್ತು. ಮಾರ್ಚ್ ಕೊನೆಯ ವಾರದ ರಾಜ್ಯಮಟ್ಟದ ಪರಿಶೀಲನಾ ಸಭೆಯಲ್ಲಿ ಅದನ್ನೇ ಮಾದರಿ ಹಾಳೆಯಾಗಿ ತೋರಿಸುವುದೆಂದು ತೀರ್ಮಾನವಾಗಿತ್ತು. "ಬೇರೆ ಜಿಲ್ಲೆಯವರು ನಿಮ್ಮ ಹಾಳೆ ನೋಡಿ ಕಲಿಯಲಿ" ಎಂದರು ಮೇಡಂ. ಅವರು ಹೊಗಳುವುದು ಅಪರೂಪ. ಫೋನ್ ಇಟ್ಟವಳೇ ಕೆಳಗಿನ ಬೇಕರಿಗೆ ಇಳಿದು ಅರ್ಧ ಕಿಲೋ ಸಿಹಿ ಕಟ್ಟಿಸಿಕೊಂಡು ಬಂದೆ.

ನಮ್ಮ ಆಫೀಸು ಮಡಂತ್ಯಾರಿನಲ್ಲಿ, ಆ ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಇದ್ದವರು ಇಬ್ಬರೇ. ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಮಾಡುವವಳು ನಾನು, ಮೂಡುಬಿದಿರೆಯವಳು. ಹೊರಗೆ ಹೋಗಿ ಅಳತೆ ತೆಗೆಯುವವರು ನಮ್ಮ ಸರ್ವೆಯರ್, ಬಾಗಲಕೋಟೆ ಕಡೆಯವರು. ಅವರಿಗೆ ತುಳು ಬಾರದು. ಹಾಗಾಗಿ ಅವರಿದ್ದಲ್ಲೆಲ್ಲ ಊರಿನವರು ಕನ್ನಡಕ್ಕೆ ತಿರುಗುತ್ತಿದ್ದರು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ. "ಮೇಡಂ, ಇವ್ರು ಮಾತಾಡಿದ್ರ ಪುಸ್ತಕ ಓದಿದಂಗ ಆಕ್ಕೈತ್ರಿ" ಎಂದು ಸರ್ವೆಯರ್ ನಗುತ್ತಿದ್ದರು.

ರಾಜ್ಯದ ಹಳೆಯ ನೆರೆ ನಕ್ಷೆಗಳನ್ನೆಲ್ಲ ಹೊಸದಾಗಿ ಮಾಡುವ ಸರಕಾರದ ಯೋಜನೆ ಅದು. ಹಳೆಯ ನಕ್ಷೆಯಲ್ಲಿ ಹೊಳೆಯ ಎರಡೂ ಬದಿಗೆ ಒಂದೇ ಅಗಲದ ನೀಲಿ ಪಟ್ಟಿ ಬಳಿದಿದ್ದರು, ನೀರಿಗೆ ಗುಡ್ಡ ಯಾವುದು, ಗದ್ದೆ ಯಾವುದು ಎಂದು ಗೊತ್ತೇ ಇಲ್ಲವೇನೋ ಎಂಬಂತೆ. ಹೊಸದರಲ್ಲಿ ಪ್ರತಿಯೊಂದು ಜಾಗದಲ್ಲಿ ಎಷ್ಟು ಆಳದ ನೀರು ನಿಲ್ಲಬಹುದು ಎಂಬುದನ್ನು ಲೆಕ್ಕ ಹಾಕಿ ಬಣ್ಣ ಕೊಡಬೇಕು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ನೆಲದ ಎತ್ತರ. ಅದು ನಮಗೆ ಉಪಗ್ರಹದಿಂದ ಸಿಗುತ್ತಿತ್ತು. ಬೆಳ್ತಂಗಡಿ ತಾಲೂಕಿನಿಂದ ಇಳಿದು, ಮೂಡುಬಿದಿರೆಯ ಅಂಚಿನಲ್ಲಿ ಹಾದು, ಬಂಟ್ವಾಳ ತಾಲೂಕಿನ ಪೊಳಲಿಗೆ ಬರುವ ಫಲ್ಗುಣಿ ಪೂರ್ತಿ ನನ್ನ ಪಾಲಿಗೆ ಬಂದಿತ್ತು.

ಲೆಕ್ಕ ಸರಿಯೋ ಎಂದು ನೋಡುವುದಕ್ಕೆ ಎರಡು ಪರೀಕ್ಷೆಗಳು. ಸರ್ವೆಯರ್ ತಮ್ಮ ಜಿಪಿಎಸ್ ಯಂತ್ರ ಹೊತ್ತು ಅಲ್ಲಲ್ಲಿ ನೆಲದ ಎತ್ತರ ಅಳೆದು ಬರುವುದು ಒಂದು. ಹಿಂದಿನ ದೊಡ್ಡ ನೆರೆಯಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಊರಿನವರನ್ನು ಕೇಳಿ ಗುರುತು ಮಾಡುವುದು ಇನ್ನೊಂದು. ಯಂತ್ರದ ಅಳತೆ ಎಲ್ಲ ಹೊಂದಿತು. ಊರಿನವರು ತೋರಿಸಿದ ಗುರುತುಗಳಲ್ಲೂ ಹೆಚ್ಚಿನವು ಒಂದು ಗೇಣಿನ ಒಳಗೇ ಹೊಂದಿದವು. ಮೂರು ಮಾತ್ರ ಹೊಂದಲಿಲ್ಲ. ಮೂರೂ ಪೊಳಲಿಗಿಂತ ಸ್ವಲ್ಪ ಮೇಲೆ ಹೊಳೆ ಬಾಗುವ ಒಂದೇ ಊರಿನವು. ನನ್ನ ನಕ್ಷೆಯ ಪ್ರಕಾರ ಅದು ಒಣ ನೆಲ, ಸಣ್ಣ ಗುಡ್ಡ. ಊರಿನವರ ಪ್ರಕಾರ ಅಲ್ಲಿ ಎದೆಮಟ್ಟ ನೀರು. "ನೆನಪಿನ ದೋಷ ಇರಬಹುದು" ಎಂದು ಷರಾ ಬರೆದು ಮೂರನ್ನೂ ತೆಗೆದುಹಾಕಿದೆ. ಒಂದೇ ಊರಿನ ಮೂವರಿಗೆ ಒಂದೇ ರೀತಿ ನೆನಪು ತಪ್ಪುವುದು ಹೇಗೆ ಎಂದು ಆಗ ನನಗೆ ಅನಿಸಲಿಲ್ಲ. ಮೂರು ಹೋದ ಮೇಲೆ ಉಳಿದ ಅಂಕಿಗಳು ತುಂಬ ಚಂದ ಕಂಡವು.

ಮಾರ್ಚ್ ಮೊದಲ ವಾರ ಅದೇ ಊರಿನ ಸರಕಾರಿ ಶಾಲೆಗೆ ಹೋದೆವು. ನಕ್ಷೆಯಲ್ಲಿ ಶಾಲೆ ಸುರಕ್ಷಿತ ಎಂದು ಬಂದಿದ್ದರಿಂದ, ಮುಂದಿನ ಮಳೆಗಾಲದಲ್ಲಿ ಹೊಳೆಬದಿಯ ಮೂವತ್ತಕ್ಕೂ ಹೆಚ್ಚು ಮನೆಯವರನ್ನು ಅಲ್ಲಿಗೆ ಸ್ಥಳಾಂತರಿಸುವುದೆಂದು ಪಟ್ಟಿಯಾಗಿತ್ತು. ಕೋಣೆಗಳೆಷ್ಟು, ಶೌಚಾಲಯಗಳೆಷ್ಟು, ಬಾವಿ ಉಂಟೋ ಎಂದು ಬರೆದುಕೊಳ್ಳುವುದು ನಮ್ಮ ಕೆಲಸ. ಮುಖ್ಯ ಶಿಕ್ಷಕಿ ಎಲ್ಲವನ್ನೂ ತೋರಿಸಿದರು. ಆಮೇಲೆ ಕೇಳಿದರು.

"ಮಳೆಗಾಲದಲ್ಲಿ ಜನರನ್ನು ಇಲ್ಲಿಗೆ ಕಳಿಸ್ತೀರಾ?"

"ಹೌದು ಟೀಚರ್."

"ಜೊತೆಗೆ ದೋಣಿ ಸಹ ಕೊಡ್ತೀರಾ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಆಫೀಸು ಕೋಣೆಯ ಕಪಾಟಿನ ಬಾಗಿಲು ತೆರೆದು, ಕೆಳಗಿನ ಖಾನೆಯ ಕಬ್ಬಿಣಕ್ಕೆ ಹಿಡಿದಿದ್ದ ತುಕ್ಕು ತೋರಿಸಿದರು. "ಜೂನ್ ಬಂತೆಂದರೆ ರಿಜಿಸ್ಟರ್ ಎಲ್ಲ ಮೇಲಕ್ಕೆ, ಅಕ್ಟೋಬರಿನಲ್ಲಿ ಕೆಳಕ್ಕೆ. ನಾನು ಈ ಶಾಲೆಗೆ ಬಂದಂದಿನಿಂದ ಇದೇ ಕ್ರಮ. ನೀರು ಜಗಲಿ ಹತ್ತಿ ಒಳಗೆ ಬಂದದ್ದನ್ನು ನಾನೇ ನೋಡಿದ್ದೇನೆ."

"ನಮ್ಮವರು ವಿಚಾರಿಸಲಿಕ್ಕೆ ಬಂದಾಗ ಹೇಳಲಿಲ್ವಾ?"

"ನಿಮ್ಮವರು ಬಂದದ್ದು ಭಾನುವಾರ."

ಹೊರಗೆ ಬಂದಾಗ ಸರ್ವೆಯರ್ ತಮ್ಮ ಪುಸ್ತಕ ತೆರೆದು ಆ ದಿನದ ಗುರುತುಗಳನ್ನು ಹುಡುಕಿದರು. ಭಾನುವಾರ ಬಂದವರು ಅವರೇ. ಆ ಮೂರು ಗುರುತುಗಳಲ್ಲಿ ಒಂದು ಶಾಲೆಯ ಎದುರಿನ ದಿನಸಿ ಅಂಗಡಿಯದು. ನೇರ ಅಲ್ಲಿಗೆ ಹೋದೆವು. ಅಂಗಡಿಯ ಕಾಕ ಬಿಳಿ ಟೊಪ್ಪಿಯ ವಯಸ್ಸಾದ ಮನುಷ್ಯ, ಬೆಲ್ಲ ಕಟ್ಟುತ್ತಿದ್ದರು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಇನ್ನೊಮ್ಮೆ ಕೇಳಿದೆ. ಅವರು ಗೋಡೆಯ ಹಲಗೆಗಳತ್ತ ಕೈ ತೋರಿಸಿದರು.

"ಮೊದಲು ಅಕ್ಕಿ ಎರಡನೇ ಹಲಗೆಯಲ್ಲಿ ಇಡ್ತಿದ್ದೆ. ಆ ಬೊಳ್ಳದಲ್ಲಿ, ಆ ದೊಡ್ಡ ನೆರೆಯಲ್ಲಿ, ನೀರು ಮೂರನೇ ಹಲಗೆಗೆ ತಾಗಿತು. ಅದರ ಮೇಲೆ ನಾಲ್ಕನೇದು ಹೊಡೆಸಿದೆ. ಈಗ ಅಕ್ಕಿ, ಸಕ್ಕರೆ ಎಲ್ಲ ನಾಲ್ಕರಲ್ಲಿ. ಕೆಳಗೆ ಪ್ಲಾಸ್ಟಿಕ್ ಕೊಡ, ಬಕೆಟ್. ಅವು ತೇಲಿಕೊಂಡು ಹೋದ್ರೆ ಹಿಡಿದು ತೊಳೆದು ಮಾರ್ಬಹುದು."

"ಸರಿಯಾಗಿ ನೆನಪುಂಟಾ ಕಾಕ?"

"ನೆನಪು ತಪ್ಪಬಹುದು ಮಗಳೇ. ಹಲಗೆ ತಪ್ಪುದಿಲ್ಲ, ಮೊಳೆ ಹೊಡೆದು ಕೂರಿಸಿದ್ದು."

ಟೇಪು ಹಿಡಿದು ಅಳೆದೆ. ನೆಲದಿಂದ ಮೂರನೇ ಹಲಗೆಗೆ ನಾಲ್ಕೂವರೆ ಅಡಿ. ನನ್ನ ನಕ್ಷೆಯಲ್ಲಿ ಆ ಅಂಗಡಿಗೆ ನೀರೇ ಇರಲಿಲ್ಲ.

ಮಡಂತ್ಯಾರಿಗೆ ವಾಪಸ್ ಬಂದು ನೆಲದ ಎತ್ತರದ ಮಾಹಿತಿಯನ್ನೂ ಆ ಊರಿನ ವೈಮಾನಿಕ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಐದು ನಿಮಿಷ ಸಾಕಾಯಿತು. ನಾನು ಗುಡ್ಡ ಎಂದುಕೊಂಡದ್ದು ಗುಡ್ಡವೇ ಅಲ್ಲ, ತೆಂಗಿನ ತೋಟ. ತೋಟದ ಬೇಲಿ ಎಲ್ಲಿ ತಿರುಗುತ್ತದೋ ಗುಡ್ಡವೂ ಅಲ್ಲೇ ತಿರುಗುತ್ತಿತ್ತು. ಉಪಗ್ರಹಕ್ಕೆ ಮೇಲಿನಿಂದ ಕಂಡದ್ದು ಒತ್ತಾದ ತೆಂಗಿನ ಗರಿಗಳು, ಅದು ಅವನ್ನೇ ನೆಲ ಎಂದು ಬರೆದುಕೊಂಡಿತ್ತು. ಮರಗಳ ಎತ್ತರವನ್ನು ಕಳೆಯುವ ಒಂದು ಲೆಕ್ಕ ಇದೆ, ಅದನ್ನು ನಾವು ಮಾಡಿಯೂ ಇದ್ದೆವು. ಆದರೆ ಆ ಲೆಕ್ಕ ಕಾಡಿನ ಮರಗಳಿಗೆ ಹೊಂದಿಸಿದ್ದು, ಹೀಗೆ ಸಾಲಾಗಿ ನೆಟ್ಟ ತೆಂಗನ್ನು ಅರ್ಧಕ್ಕೆ ಬಿಟ್ಟಿತ್ತು. ಶಾಲೆ, ಅಂಗಡಿ ಎರಡೂ ಆ ತೋಟದ ನಡುವೆ.

"ಆದ್ರ ನಮ್ಮ ಯಂತ್ರದ ಅಳತಿ ಎಲ್ಲಾ ಹೊಂದಿತ್ತಲ್ರಿ?" ಎಂದರು ಸರ್ವೆಯರ್.

ಹೊಂದಿತ್ತು. ಯಾಕೆಂದರೆ ಜಿಪಿಎಸ್ ಯಂತ್ರಕ್ಕೆ ತೆರೆದ ಆಕಾಶ ಬೇಕು, ಹಾಗಾಗಿ ಅವರು ಅಳೆದದ್ದೆಲ್ಲ ರಸ್ತೆ, ಮೈದಾನ, ಬಯಲು ಗದ್ದೆಗಳಲ್ಲಿ. ನಕ್ಷೆ ತಪ್ಪಿದ್ದದ್ದೆಲ್ಲ ಮರದ ನೆರಳಿನಲ್ಲಿ. ನಾವು ಪರೀಕ್ಷೆ ಮಾಡಿದ್ದು ಸರಿ ಇರುವ ಕಡೆ ಮಾತ್ರ.

ಆ ಸಂಜೆ ತುಂಬ ಹೊತ್ತು ಕುರ್ಚಿಯಲ್ಲೇ ಕೂತಿದ್ದೆ. ಎರಡು ದಾರಿಗಳಿದ್ದವು. ಸಭೆಯಲ್ಲಿ ಹಾಳೆಯನ್ನು ಹಾಗೆಯೇ ತೋರಿಸಿ, ಮಳೆಗಾಲಕ್ಕೆ ಮೊದಲು ಸದ್ದಿಲ್ಲದೆ ತಿದ್ದುವುದು ಒಂದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೇರೆ ಜಿಲ್ಲೆಯವರು ನನ್ನ ಹಾಳೆ ನೋಡಿ ಇದೇ ತಪ್ಪನ್ನು ಕಲಿಯುತ್ತಿದ್ದರು. ಕಲಿಯಲಿ ಎಂದೇ ಅಲ್ಲವೇ ತೋರಿಸುವುದು? ಮರುದಿನ ಬೆಳಿಗ್ಗೆ ಮುಖ್ಯಸ್ಥರಿಗೆ ಫೋನ್ ಮಾಡಿ ಹಾಳೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಕಾರಣ ಹೇಳಿದೆ. ಮೂರು ಗುರುತುಗಳನ್ನು ತೆಗೆದುಹಾಕಿದ ಸಂಗತಿಯನ್ನೂ ಹೇಳಿದೆ.

"ಸಭೆಗೆ ಮೂರು ವಾರ ಇದೆ" ಎಂದರು ಮುಖ್ಯಸ್ಥರು. "ಅಷ್ಟರಲ್ಲಿ ಮರದ ಕೆಳಗಿನ ನೆಲ ಅಳೆದು ತನ್ನಿ. ಮಾದರಿ ಹಾಳೆ ಬೇರೆ ಹುಡುಕ್ತೀನಿ. ಬಯ್ಯೋದು ಆಮೇಲೆ ಬಯ್ತೀನಿ."

ಮರದ ಕೆಳಗೆ ಅಳೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ತೋಟದೊಳಗೆ ಹೋದರೆ ನಮ್ಮ ಯಂತ್ರ ದಿಕ್ಕು ತಪ್ಪಿದವರ ಹಾಗೆ ಆಡುತ್ತಿತ್ತು. ಒಂದೇ ಜಾಗದಲ್ಲಿ ಮೂರು ಸಲ ಇಟ್ಟರೆ ಮೂರು ಎತ್ತರ. ಕೊನೆಗೆ ಉಳಿದದ್ದು ಹಳೆಯ ವಿಧಾನ. ಮುಕ್ಕಾಲಿಯ ಮೇಲೆ ದುರ್ಬೀನಿನಂಥ ಲೆವೆಲ್ ಯಂತ್ರ ಇಟ್ಟು, ದೂರದಲ್ಲಿ ಒಬ್ಬರು ಸ್ಟಾಫ್ ಎನ್ನುವ ಅಳತೆಯ ಉದ್ದ ಕೋಲು ಹಿಡಿದು ನಿಂತರೆ, ಅದರ ಮೇಲಿನ ಅಂಕಿ ಓದಿ ಮುಂದಕ್ಕೆ ಹೋಗುವುದು. ಎತ್ತರ ಖಚಿತವಾಗಿ ಗೊತ್ತಿರುವ ಜಾಗದಿಂದ ಹೊರಟು, ತೋಟವನ್ನೆಲ್ಲ ಸುತ್ತಿ, ಅದೇ ಜಾಗಕ್ಕೆ ವಾಪಸ್ ಬರಬೇಕು. ಹೊರಟಾಗಿನ ಎತ್ತರವೂ ಬಂದಾಗಿನ ಎತ್ತರವೂ ಒಂದೇ ಆಗಿದ್ದರೆ ಕೆಲಸ ಸರಿ. ನಮ್ಮ ಯೋಜನೆಯಲ್ಲಿ ಅಂಥ ಯಂತ್ರವೇ ಇರಲಿಲ್ಲ. ಮೂಡುಬಿದಿರೆಯಲ್ಲಿ ನನಗೆ ಪಾಠ ಮಾಡಿದ್ದ ಮೇಷ್ಟ್ರ ಹತ್ತಿರ ಹೋಗಿ ಲ್ಯಾಬಿನದ್ದನ್ನು ಕೇಳಿ ತಂದೆವು. "ಪರೀಕ್ಷೆಯಲ್ಲಿ ಇದನ್ನು ಹಿಡಿಯಲಿಕ್ಕೆ ಅಳ್ತಿದ್ದೆಯಲ್ಲ?" ಎಂದು ಅವರು ನೆನಪು ಮಾಡಿಸದೆ ಬಿಡಲಿಲ್ಲ.

ಮೊದಲ ದಿನ ಕೋಲು ಹಿಡಿದವಳು ನಾನು. ಬೆಳಿಗ್ಗೆ ಏಳಕ್ಕೆ ಸೇತುವೆಯ ಕಟ್ಟೆಯಿಂದ ಹೊರಟು, ಸೊಳ್ಳೆ ಕಚ್ಚಿಸಿಕೊಂಡು, ತೋಡಿನ ನೀರು ದಾಟಿ, ಸಂಜೆ ಐದಕ್ಕೆ ಅದೇ ಕಟ್ಟೆಗೆ ಬಂದೆವು. ಸರ್ವೆಯರ್ ಲೆಕ್ಕ ಕೂಡಿಸಿ ನನ್ನ ಮುಖ ನೋಡಿದರು. ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ. ಎರಡು ಇದ್ದರೂ ಒಪ್ಪಿಕೊಳ್ಳಬಹುದಿತ್ತು. ಇಡೀ ದಿನದ ಕೆಲಸ ನೀರಿಗೆ ಬಿತ್ತು.

ಮರುದಿನ ಪುನಃ ಮುಕ್ಕಾಲಿ ಹೂಡುವಾಗ ಬೇಲಿಯ ಆಚೆಯಿಂದ ಒಂದು ದನಿ ಬಂತು. "ನಿನ್ನೆ ನೀವು ಹಿಡಿದದ್ದು ಸ್ಟಾಫ್ ಅಲ್ಲ ಮೇಡಂ, ಮಾವಿನಕಾಯಿ ಕೊಯ್ಯುವ ಕೊಕ್ಕೆ."

ತೋಟದ ಯಜಮಾನರು ಶೆಟ್ರು. ಅರುವತ್ತರ ಹತ್ತಿರ, ಕೈಯಲ್ಲಿ ಹಾರೆ. ಮೊದಲ ದಿನ ನಮ್ಮನ್ನು ಹೆದ್ದಾರಿಗೆ ಜಾಗ ಗುರುತು ಮಾಡುವವರು ಎಂದು ತಿಳಿದು ದೂರದಿಂದಲೇ ಗುರಾಯಿಸಿದ್ದರು. ನೆರೆಯ ನಕ್ಷೆಗೆ ಎಂದು ವಿವರಿಸಿದ ಮೇಲೆ ಬೇಲಿ ದಾಟಿ ಬಂದರು. "ದಮ್ಮಾಮ್‌ನಲ್ಲಿ ಹತ್ತೊಂಬತ್ತು ವರ್ಷ ಗಲ್ಫ್ ಕೆಲಸದಲ್ಲಿದ್ದೆ. ಅದರಲ್ಲಿ ಏಳು ವರ್ಷ ಇದನ್ನೇ ಹಿಡಿದು ಬಿಸಿಲಲ್ಲಿ ನಿಂತವ ನಾನು. ಕೊಡಿ ಇಲ್ಲಿ."

ಕೋಲು ಒಂದರೊಳಗೊಂದು ಜಾರುವ ತುಂಡುಗಳದ್ದು. ಶೆಟ್ರು ಅದನ್ನು ಪೂರ್ತಿ ಎಳೆದು ನಿಲ್ಲಿಸಿ, ಅಂಗೈಯಿಂದ ಮೇಲೆ ಒಮ್ಮೆ ತಟ್ಟಿದರು. ಮೇಲಿನ ತುಂಡು ಸರ್ರನೆ ಒಂದು ಗೇಣು ಕೆಳಗೆ ಕೂತಿತು.

"ನೋಡಿ. ತುಂಡು ಹಿಡಿಯುವ ಗುಂಡಿ ಸವೆದಿದೆ, ಕಚ್ಚಿ ಹಿಡಿಯುದಿಲ್ಲ. ನಡುವೆ ಎಲ್ಲೋ ಕೂತಿದೆ, ನಿಮಗೆ ಗೊತ್ತಾಗ್ಲಿಲ್ಲ."

ಸರ್ವೆಯರ್ ಹಣೆ ಬಡಿದುಕೊಂಡರು. ಶೆಟ್ರು ಮನೆಯಿಂದ ತಂತಿ ತಂದು ಬಿಗಿದು ಕಟ್ಟಿದರು. ಮತ್ತೆ ಕೋಲನ್ನು ನನಗೆ ಕೊಡಲೇ ಇಲ್ಲ. ನಾನು ಪುಸ್ತಕದಲ್ಲಿ ಅಂಕಿ ಬರೆಯುವ ಕೆಲಸಕ್ಕೆ ಇಳಿದೆ. ಅಲ್ಲಿಂದ ಆರು ದಿನ ನಾವು ಮೂವರು ತೋಟದಿಂದ ತೋಟಕ್ಕೆ ನಡೆದೆವು. ಪ್ರತಿ ದಿನವೂ ಸಂಜೆ ಲೆಕ್ಕ ಒಂದೂವರೆ ಸೆಂಟಿಮೀಟರಿನ ಒಳಗೇ ಮುಗಿಯುತ್ತಿತ್ತು. ಮಧ್ಯಾಹ್ನ ಶೆಟ್ರ ಮನೆಯಲ್ಲೇ ಊಟ. ಸರ್ವೆಯರ್ ಕುಚ್ಚಲಕ್ಕಿ ಅನ್ನಕ್ಕೆ ಮೊದಲು ಹೆದರಿದವರು, ಮೂರನೆಯ ದಿನ ಎರಡು ಸಲ ಬಡಿಸಿಕೊಂಡರು.

ನಾಲ್ಕನೆಯ ದಿನ ತೋಟದ ಕೊನೆಗೆ ಬಂದೆವು. ಅಲ್ಲಿ ಸ್ವಲ್ಪ ಜಾಗ ಸಮತಟ್ಟು ಮಾಡಿ, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಶೆಟ್ರು ಕಟ್ಟಬೇಕೆಂದಿದ್ದ ಹೊಸ ಮನೆ. "ಇದು ಹಾಲ್, ಇದು ಅಡಿಗೆ ಕೋಣೆ" ಎಂದು ಗೆರೆಗಳ ನಡುವೆ ನಡೆದು ತೋರಿಸಿದರು. ಆ ದೊಡ್ಡ ನೆರೆಯ ವರ್ಷ ಗಲ್ಫಿನಲ್ಲಿದ್ದ ಅವರು ಪಂಚಾಯತಿನಲ್ಲಿ ನನ್ನ ಹಳೆಯ ಕರಡು ನಕ್ಷೆ ನೋಡಿಯೇ ಧೈರ್ಯ ಮಾಡಿದ್ದು. ಅದರಲ್ಲಿ ಈ ಜಾಗಕ್ಕೆ ನೀರಿರಲಿಲ್ಲ.

ಶೆಟ್ರು ಅಡಿಗೆ ಕೋಣೆಯ ಮೂಲೆಯಲ್ಲಿ ಕೋಲು ನಿಲ್ಲಿಸಿದರು. ಸರ್ವೆಯರ್ ಅಂಕಿ ಓದಿದರು. ನಾನು ಕಳೆದು ನೋಡಿದೆ. ಕಾಕನ ಮೂರನೇ ಹಲಗೆಗಿಂತ ಆ ನೆಲ ಆರು ಅಡಿ ಕೆಳಗಿತ್ತು.

"ಎಷ್ಟಾಯಿತು?" ಎಂದರು ಶೆಟ್ರು. ಹೇಳಿದೆ.

"ಇನ್ನೊಮ್ಮೆ ಓದಿ."

ಇನ್ನೊಮ್ಮೆ ಓದಿದರು. ಅದೇ ಅಂಕಿ. ಶೆಟ್ರು ಕೋಲನ್ನು ಹಾಗೇ ನೇರ ಹಿಡಿದುಕೊಂಡೇ ಕೇಳಿದರು. "ನಾನು ಕೋಲನ್ನು ಒಂದೆರಡು ಅಡಿ ಎತ್ತಿ ಹಿಡಿದಿದ್ದರೆ ನಿಮಗೆ ಅಲ್ಲಿಂದ ಗೊತ್ತಾಗ್ತಿತ್ತಾ?"

ಸರ್ವೆಯರ್ ಯಂತ್ರದಿಂದ ತಲೆ ಎತ್ತಿದರು. ಕೋಲಿನ ಬುಡಕ್ಕೆ ಹುಲ್ಲು ಅಡ್ಡ ಇತ್ತು. "ಇಲ್ರಿ. ಗೊತ್ತಾಗ್ತಿರ್ಲಿಲ್ಲ."

"ನನಗೂ ಗೊತ್ತಿತ್ತು" ಎಂದು ಶೆಟ್ರು ಸಣ್ಣಗೆ ನಕ್ಕು, ಕೋಲು ಭುಜಕ್ಕೆ ಹಾಕಿ ಮುಂದಿನ ಬಿಂದುವಿಗೆ ನಡೆದರು. ಆ ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮ ಹೆಂಡತಿಗೆ ತುಳುವಿನಲ್ಲಿ ವಿಷಯ ಹೇಳಿದರು. ಅವರು ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ಒಂದು ಕ್ಷಣ ನಿಂತರು. "ನನ್ನ ತಪ್ಪು ನಕ್ಷೆಯಿಂದ ಹೀಗಾಯಿತು ಅಕ್ಕ, ಕ್ಷಮಿಸಿ" ಎಂದೆ ನಾನು.

"ಮನೆ ಕಟ್ಟಿ ಆದ ಮೇಲೆ ಬಂದು ಹೇಳಲಿಲ್ವಲ್ಲ, ಅಷ್ಟು ಸಾಕು" ಎಂದರು ಅವರು. "ಇವರಿಗೆ ನಾನು ಮೊದಲೇ ಹೇಳಿದ್ದೆ, ಅಲ್ಲಿ ಕಪ್ಪೆಗಳು ಜಾಸ್ತಿ ಅಂತ."

ಶೆಟ್ರು ಜೋರಾಗಿ ನಕ್ಕದ್ದು ಆಗಲೇ. ಆ ವಾರದೊಳಗೆ ಅವರು ಸುಣ್ಣದ ಗೆರೆ ಅಳಿಸಿ, ಮನೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟುವುದೆಂದು ಹೊಸ ಪ್ಲಾನ್ ಬರೆಸಲು ಹೊರಟರು. ಕೆಳಗೆ ಕಾಯಿ ಒಣಗಿಸಬಹುದು, ಮೇಲೆ ಗಾಳಿ ಬರುತ್ತದೆ ಎಂದು ನಮಗೇ ಸಮಾಧಾನ ಹೇಳಿದರು.

ಹೊಸ ಎತ್ತರಗಳನ್ನು ಹಾಕಿ ಲೆಕ್ಕ ಓಡಿಸಿದಾಗ ನಕ್ಷೆಯಲ್ಲಿ ಗುಡ್ಡ ಮಾಯವಾಯಿತು, ನೀರು ಶಾಲೆಯ ಜಗಲಿ ಹತ್ತಿತು, ಕಾಕನ ಮೂರನೇ ಹಲಗೆಗೆ ನಾಲ್ಕು ಬೆರಳು ಕೆಳಗೆ ನಿಂತಿತು. ನಾನು ನಿರೀಕ್ಷಿಸದ ಒಂದು ಸಂಗತಿಯೂ ಆಯಿತು. ಇಲ್ಲದ ಗುಡ್ಡ ನೀರನ್ನೆಲ್ಲ ಎದುರು ದಡಕ್ಕೆ ತಳ್ಳಿತ್ತು. ಅಲ್ಲಿಯ ಹನ್ನೊಂದು ಮನೆಗಳು ಹಳೆಯ ಕರಡಿನಲ್ಲಿ ಅಪಾಯದ ಕೆಂಪು ಬಣ್ಣದಲ್ಲಿದ್ದವು. ಗುಡ್ಡ ಹೋದದ್ದೇ ಅವು ಹನ್ನೊಂದೂ ಒಣಗಿದವು. ಆ ಮನೆಯವರಿಗೆ ಸುದ್ದಿ ಮುಟ್ಟಿಸಲು ಹೋದಾಗ ಒಬ್ಬ ಅಜ್ಜಿ, "ನಮ್ಮಲ್ಲಿಗೆ ನೀರು ಬರುದಿಲ್ಲ ಅಂತ ನಮಗೆ ಗೊತ್ತುಂಟು. ನಿಮಗೆ ಈಗ ಗೊತ್ತಾಯ್ತಲ್ಲ, ಒಳ್ಳೇದಾಯ್ತು" ಎಂದು ಬೆನ್ನು ತಟ್ಟಿದರು.

ಸಭೆಯಲ್ಲಿ ಮಾದರಿ ಹಾಳೆಯಾಗಿ ಬೇರೆ ಜಿಲ್ಲೆಯದನ್ನು ತೋರಿಸಿದರು. ನನಗೆ ಹತ್ತು ನಿಮಿಷ ಕೊಟ್ಟರು. ಎರಡು ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಎಡವಿದೆ ಎಂದು ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಉತ್ತರ ಕನ್ನಡದ ಒಬ್ಬರು ತಮ್ಮ ಲ್ಯಾಪ್‌ಟಾಪ್ ತೆರೆದು, ಮುಖ ಚಿಕ್ಕದು ಮಾಡಿಕೊಂಡು, "ನಮ್ಮಲ್ಲೂ ಇಂಥ ಗುಡ್ಡ ನಾಲ್ಕು ಉಂಟು" ಎಂದರು. ಇಡೀ ಸಭೆ ನಕ್ಕಿತು. ಕರಾವಳಿಯ ಹಾಳೆಗಳೆಲ್ಲ ಪುನಃ ಅಳತೆಗೆ ಹೋದವು. ನೆರಳಿನಲ್ಲೂ ಅಳೆಯಬೇಕು, ಊರಿನವರ ಗುರುತು ಹೊಂದದಿದ್ದರೆ ಸ್ಥಳಕ್ಕೆ ಹೋಗಿ ನೋಡದೆ ಅದನ್ನು ತೆಗೆದುಹಾಕಬಾರದು ಎಂಬ ಎರಡು ಸಾಲುಗಳು ನಮ್ಮ ಕೈಪಿಡಿಗೆ ಸೇರಿದವು. ಮುಖ್ಯಸ್ಥರು ಬಯ್ಯುತ್ತೇನೆ ಎಂದದ್ದನ್ನು ಮರೆತರೋ, ಬಿಟ್ಟರೋ, ನಾನು ಕೇಳಲು ಹೋಗಲಿಲ್ಲ.

ಶಾಲೆಯ ಬದಲು ಪದವಿನ ಮೇಲಿರುವ ಯುವಕ ಮಂಡಲದ ಸಭಾಭವನ ಪಟ್ಟಿಗೆ ಬಂತು. ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು, ಸುತ್ತ ಒಂದೂ ತೆಂಗಿಲ್ಲ. ಮೇ ತಿಂಗಳಲ್ಲಿ ಹೊಸ ನಕ್ಷೆಯನ್ನು ಪಂಚಾಯತಿನಲ್ಲಿ ತೂಗುಹಾಕಿದೆವು. ಜನ ಪೆನ್ನು ಹಿಡಿದೇ ಬಂದರು. ಇದು ನಮ್ಮ ತೋಡಲ್ಲ, ಅದರ ಹೆಸರು ಬೇರೆ, ತೋಡು ದಾಟುವ ಈ ಕಾಲುಸಂಕ ಮುರಿದು ಹೋಗಿದೆ ಎಂದು ತಿದ್ದಿದರು. ಆ ತಿದ್ದುಪಡಿಗಳಲ್ಲಿ ಒಂದನ್ನೂ ನಾನು ಹೋಗಿ ನೋಡದೆ ಬಿಡಲಿಲ್ಲ.

ಜುಲೈಯಲ್ಲಿ ಘಟ್ಟದ ಮೇಲೆ ಮೂರು ದಿನ ಬಿಡದೆ ಮಳೆ ಹೊಯ್ದು, ಒಂದು ಬೆಳಿಗ್ಗೆ ಹೊಳೆ ಏರತೊಡಗಿತು. ಪಂಚಾಯತಿನವರು ಎಂಟು ಗಂಟೆಗೇ ಮನೆಗಳಿಗೆ ಹೇಳಿ ಕಳಿಸಿದ್ದರು. ಪುಂಜಾಲಕಟ್ಟೆಯಿಂದ ಸುತ್ತು ದಾರಿ ಹಿಡಿದು ನಾನು ಪದವಿನ ಸಭಾಭವನಕ್ಕೆ ತಲುಪುವಾಗ ಹನ್ನೊಂದೂವರೆ. ಅಷ್ಟರಲ್ಲಿ ಎಲ್ಲರೂ ಒಣ ಬಟ್ಟೆಯಲ್ಲೇ ಬಂದು ಸೇರಿದ್ದರು. ಯಾರಿಗೂ ದೋಣಿ ಬೇಕಾಗಿರಲಿಲ್ಲ. ಒಂದು ಮೂಲೆಯಲ್ಲಿ ಮಕ್ಕಳು ಕೇರಂ ಹಚ್ಚಿದ್ದರು. ಇಬ್ಬರು ಹೆಂಗಸರು ಮೂರು ದನಗಳನ್ನು ಎಲ್ಲಿ ಕಟ್ಟಬೇಕು ಎಂದು ವಾದಿಸುತ್ತಿದ್ದರು.

ಗೋಡೆಯಲ್ಲಿ ನಮ್ಮ ನಕ್ಷೆ ಇತ್ತು. ಅದರ ಅಂಚಿನ ಬಿಳಿಯಲ್ಲಿ ಯಾರೋ ಮನೆಗಳ ಹೆಸರು ಬರೆದು, ಬಂದವರಿಗೆಲ್ಲ ಟಿಕ್ ಹಾಕಿದ್ದರು. ಒಂದೂ ಬಾಕಿ ಇರಲಿಲ್ಲ. ನಕ್ಷೆಯಲ್ಲಿ ಪೊಳಲಿ ಇದ್ದ ಕಡೆ ಒಂದು ಒದ್ದೆ ಕೊಡೆ ನೇತಾಡುತ್ತಿತ್ತು. ಆಗ ಸರ್ವೆಯರ್ ಶಾಲೆಯ ಕಡೆಯಿಂದ ಫೋನ್ ಮಾಡಿ, ನೀರು ಮಳೆ ನೀರಿನ ಚರಂಡಿ ದಾಟಿ ಮೊದಲ ಮೆಟ್ಟಿಲಿಗೆ ಬಂದಿದೆ, ಈ ಮಟ್ಟದ ಹೊಳೆಗೆ ನಾವು ಬರೆದಿದ್ದಕ್ಕಿಂತ ಒಂದು ಗೇಣು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದರು. ಅವರ ದನಿಯಲ್ಲಿ ಹಿಗ್ಗು ಕೇಳುತ್ತಿತ್ತು. ನಾನು ನಕ್ಷೆಯ ಮುಂದೆ ನಿಂತು ಆ ಮೆಟ್ಟಿಲನ್ನು ಬೆರಳಿನಲ್ಲಿ ಹುಡುಕುತ್ತಿದ್ದೆ.

ಹಿಂದಿನಿಂದ ದೊಡ್ಡ ಪಾತ್ರೆ ಹಿಡಿದು ಬಂದ ಹೆಂಗಸೊಬ್ಬರು ಹೇಳಿದರು. "ಸ್ವಲ್ಪ ಆಚೆ ನಿಲ್ಲಿ ಮೇಡಂ, ಗಂಜಿ ಬರ್ತಾ ಉಂಟು."

ನಾನು ಆಚೆ ಸರಿದು ಸಾಲಿನಲ್ಲಿ ಕೂತೆ. ಗಂಜಿಯ ಜೊತೆಗೆ ಹುರುಳಿ ಚಟ್ನಿ ಇತ್ತು.